ಮೌನವನ್ನು ಕತ್ತರಿಸಬೇಡಿ: ಭಯದ ಕಥೆ ಕಿವಿಗೆ ಇಳಿಯುವ ಬಗೆ

ಆಡಿಯೋ ಪುಸ್ತಕ ಕೇಳುವ ಕೆಲವು ಆ್ಯಪ್‌ಗಳಲ್ಲಿ ಒಂದು ಸೌಲಭ್ಯವಿದೆ. ಓದುವವರು ಎಲ್ಲೆಲ್ಲಿ ಸುಮ್ಮನಾಗುತ್ತಾರೋ ಆ ಜಾಗವನ್ನೆಲ್ಲ ಅದು ತಾನಾಗಿಯೇ ಕಿರಿದುಗೊಳಿಸುತ್ತದೆ. ಸಂದರ್ಶನ, ಸುದ್ದಿ ವಿಶ್ಲೇಷಣೆ ಕೇಳುವಾಗ ಇದರಿಂದ ಸಮಯ ಉಳಿಯುತ್ತದೆ, ನಾನೂ ಬಳಸುತ್ತೇನೆ. ಹೋದ ಮಳೆಗಾಲದಲ್ಲಿ ಅದನ್ನು ಆಫ್ ಮಾಡಲು ಮರೆತು ಒಂದು ಭಯಾನಕ ಧಾರಾವಾಹಿಯ ಕಂತು ಕೇಳಿದೆ. ಪಾಳುಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ಟಾರ್ಚ್ ಹಿಡಿದು, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾ ಒಳಗೆ ಹೋಗುತ್ತಾಳೆ. ಯಾರಾದರೂ ಇದ್ದೀರಾ ಎಂದು ಕೇಳುತ್ತಾಳೆ. ತಕ್ಷಣವೇ ‘ಇದ್ದೇನೆ’ ಎಂಬ ಉತ್ತರ ಬಂತು. ನನಗೆ ಏನೂ ಅನ್ನಿಸಲಿಲ್ಲ.

ಮರುದಿನ ಆ ಸೌಲಭ್ಯವನ್ನು ತೆಗೆದುಹಾಕಿ ಅದೇ ಕಂತನ್ನು ಮತ್ತೆ ಕೇಳಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಏಳು ಸೆಕೆಂಡ್ ಇತ್ತು. ಏನು ಉತ್ತರ ಬರುತ್ತದೆಂದು ಚೆನ್ನಾಗಿ ಗೊತ್ತಿದ್ದರೂ ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಂತುಹೋಯಿತು.

ಆ ಏಳು ಸೆಕೆಂಡ್‌ಗಳಲ್ಲಿ ಆಗುವುದೇನು ಎಂದು ತಿಳಿದುಕೊಂಡರೆ ಧ್ವನಿಯಲ್ಲಿ ಬರುವ ಭಯಾನಕ ಕಥೆ, ವಿಜ್ಞಾನ ಕಥೆಗಳ ಒಳಗುಟ್ಟು ಬಹುಪಾಲು ತಿಳಿದಂತೆ. ಪುಸ್ತಕ ಓದುವಾಗ ಕಾಲ ನಮ್ಮ ಕೈಯಲ್ಲಿರುತ್ತದೆ. ಹೆದರಿಕೆಯಾದರೆ ಬೇಗ ಬೇಗ ಓದುತ್ತೇವೆ, ಕಣ್ಣು ತಾನಾಗಿಯೇ ಪುಟದ ಕೆಳಗಿನ ಸಾಲಿಗೆ ಜಾರಿ ನಾಯಕಿ ಬದುಕಿದಳೋ ಇಲ್ಲವೋ ಎಂದು ನೋಡಿಬರುತ್ತದೆ. ಕೇಳುವಾಗ ಹೀಗೆ ಮುಂದಕ್ಕೆ ಇಣುಕಲು ಆಗುವುದಿಲ್ಲ. ಕಾಲ ಹೇಳುವವರ ಕೈಗೆ ಹೋಗಿರುತ್ತದೆ. ಅವರು ಸುಮ್ಮನಾದರೆ ನಾವು ಕಾಯಬೇಕು.

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಸಿನಿಮಾದಲ್ಲಿ ಹೆದರಿಕೆಯಾದಾಗ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಬಹುದು. ಕಿವಿ ಮಾತ್ರ ಬೆನ್ನ ಹಿಂದಿನದನ್ನೂ ಕೇಳುತ್ತದೆ, ನಿದ್ದೆಯಲ್ಲೂ ಕೇಳುತ್ತದೆ. ಹಠಾತ್ತನೆ ದೊಡ್ಡ ಸದ್ದಾದರೆ ಅದರ ಸಂದೇಶ ಕಿವಿಯಿಂದ ಮೆದುಳಿನ ಕಾಂಡಕ್ಕೆ ಹೋಗಿ, ಅಲ್ಲಿಂದ ನೇರವಾಗಿ ಕತ್ತು, ಭುಜ, ರೆಪ್ಪೆಗಳ ಸ್ನಾಯುಗಳಿಗೆ ತಲುಪುತ್ತದೆ. ಇದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು. ಸದ್ದು ಯಾವುದೆಂದು ಬುದ್ಧಿ ಗುರುತಿಸುವ ಮೊದಲೇ ಮೈ ಬೆಚ್ಚಿಬಿದ್ದಿರುತ್ತದೆ.

ಚೀರಾಟ ಏಕೆ ಅಷ್ಟೊಂದು ಕಲಕುತ್ತದೆ ಎಂಬುದನ್ನು ಲುಕ್ ಆರ್ನಾಲ್, ಡೇವಿಡ್ ಪೊಪೆಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಸಾಮಾನ್ಯ ಮಾತಿನಲ್ಲಿ ಧ್ವನಿಯ ಬಲ ಸೆಕೆಂಡಿಗೆ ಕೆಲವೇ ಬಾರಿ ಏರಿಳಿಯುತ್ತದೆ. ಚೀರಾಟದಲ್ಲಿ ಅದು ಸೆಕೆಂಡಿಗೆ 30ರಿಂದ 150 ಬಾರಿ ನಡುಗುತ್ತದೆ. ಕಿವಿಗೆ ಇದು ಗರಗಸದಂತೆ ಒರಟಾಗಿ ತಾಗುತ್ತದೆ. ಎಚ್ಚರಿಕೆಯ ಅಲಾರಂಗಳಲ್ಲೂ ಇದೇ ಒರಟುತನವಿದೆ. ಇಂಥ ಸದ್ದು ಕೇಳಿದಾಗ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಮೆದುಳಿನ ಭಾಗ ಹೆಚ್ಚು ಚುರುಕಾಗುವುದು ಅವರ ಪರೀಕ್ಷೆಗಳಲ್ಲಿ ಕಂಡುಬಂತು.

ಆದರೆ ಬೆಚ್ಚುವುದು ಬೇರೆ, ಭಯಪಡುವುದು ಬೇರೆ. ಕುಕ್ಕರ್ ಸೀಟಿಗೂ ಬೆಚ್ಚುತ್ತೇವೆ. ಭಯ ಮೂಡಲು ಸದ್ದಿಗೆ ಒಂದು ಅರ್ಥ ಬೇಕು, ಆ ಅರ್ಥ ಪೂರ್ತಿ ಬಿಡಿಸಿ ಸಿಗಬಾರದು. ನಮ್ಮ ಲಾಕ್ಷಣಿಕರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ನಾಟ್ಯಶಾಸ್ತ್ರದಲ್ಲಿ ಭರತ ಭಯಾನಕ ರಸಕ್ಕೆ ಕಾರಣವಾಗುವ ಸಂಗತಿಗಳನ್ನು ಹೇಳುವಾಗ ಪಟ್ಟಿಯ ಮೊದಲಿಗೇ ಬರುವುದು ವಿಕೃತ ರವ, ಅಂದರೆ ವಿಕಾರವಾದ ಸದ್ದು. ನರಿ, ಗೂಬೆಗಳು, ಬರಿದಾದ ಮನೆ, ಕಾಡು ಆಮೇಲೆ ಬರುತ್ತವೆ. ವಿಜ್ಞಾನ ಕಥೆ ಮುಖ್ಯವಾಗಿ ಅದ್ಭುತ ರಸದ್ದು, ಅದರ ಸ್ಥಾಯಿ, ಅಂದರೆ ಬುಡದಲ್ಲಿ ನೆಲೆನಿಂತ ಭಾವ, ವಿಸ್ಮಯ. ಅನ್ಯಗ್ರಹದ ಹಡಗಿನ ಬಾಗಿಲು ತೆರೆಯುವ ಕ್ಷಣದಲ್ಲಿ ಅದ್ಭುತವೂ ಭಯಾನಕವೂ ಒಂದೇ ಉಸಿರಿನಲ್ಲಿ ಬರುತ್ತವೆ. ಧ್ವನಿ ಧಾರಾವಾಹಿಗಳಲ್ಲಿ ಇವೆರಡು ಬಗೆಯ ಕಥೆಗಳು ಬೇರೆಬೇರೆಯಾಗಿ ಉಳಿಯದೆ ಬೆರೆಯುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ದೇಹವಿಲ್ಲದ ದನಿಯ ಭಯವಂತೂ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರು ಈಗಲೂ ಇದ್ದಾರೆ. ರಾತ್ರಿ ಬರುವ ಆ ದೆವ್ವದ ವಿಶೇಷವೆಂದರೆ ಅದು ಮನೆಯವರ ದನಿಯಲ್ಲೇ ಕರೆಯುತ್ತದೆ ಎಂಬ ನಂಬಿಕೆ. ಒಂದೇ ಕರೆಗೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಬಾಗಿಲು ತೆಗೆಯಬೇಕು ಎಂದು ಅಜ್ಜಿಯರು ಹೇಳುತ್ತಿದ್ದರು. ಅದಕ್ಕೆ ಕೋರೆಹಲ್ಲು, ಕೆದರಿದ ಕೂದಲುಗಳ ವರ್ಣನೆಯ ಅಗತ್ಯವೇ ಇರಲಿಲ್ಲ. ಬಾಗಿಲ ಆಚೆ ಅಮ್ಮನ ದನಿ, ಈಚೆ ಅಮ್ಮ ಮಲಗಿದ್ದಾಳೆ. ಅಷ್ಟೇ ಸಾಕಿತ್ತು.

ಇಯರ್‌ಫೋನ್ ಆ ಬಾಗಿಲನ್ನೂ ತೆಗೆದುಹಾಕಿದೆ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ತಿಳಿಯಲು ಮೆದುಳು ಎರಡು ಕಿವಿಗಳಿಗೆ ಅದು ತಲುಪುವ ಹೊತ್ತಿನ ವ್ಯತ್ಯಾಸವನ್ನು ಅಳೆಯುತ್ತದೆ. ಈ ವ್ಯತ್ಯಾಸ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಜೊತೆಗೆ ಹೊರಕಿವಿಯ ಮಡಿಕೆಗಳು ಸದ್ದನ್ನು ಸ್ವಲ್ಪ ಬದಲಿಸುವ ರೀತಿಯಿಂದ ಮೇಲೆ, ಕೆಳಗೆ, ಹಿಂದೆ ಎಂಬುದು ತಿಳಿಯುತ್ತದೆ. ಇಯರ್‌ಫೋನಿನಲ್ಲಿ ಎರಡೂ ಕಿವಿಗೆ ಒಂದೇ ಸದ್ದು ಒಂದೇ ಹೊತ್ತಿಗೆ ತಲುಪಿದರೆ, ಹೊರಗೆ ಎಲ್ಲೂ ಜಾಗ ಸಿಗದ ಆ ದನಿಯನ್ನು ಮೆದುಳು ತಲೆಯ ಒಳಗೇ ಕೂರಿಸುತ್ತದೆ. ಕೋಣೆಯ ಸ್ಪೀಕರಿನಲ್ಲಿ ಪಿಸುಮಾತು ಬೇರೆ ಯಾರದೋ ಮಾತು. ಇಯರ್‌ಫೋನಿನಲ್ಲಿ ಅದೇ ಪಿಸುಮಾತು ನಮ್ಮದೇ ಯೋಚನೆಯಂತೆ ಕೇಳಿಸುತ್ತದೆ. ಬೊಂಬೆಯ ತಲೆಗೆ ಮನುಷ್ಯರ ಕಿವಿಯಂಥದೇ ಕಿವಿ ಮಾಡಿ, ಅದರೊಳಗೆ ಎರಡು ಮೈಕ್ ಇಟ್ಟು ಧ್ವನಿಮುದ್ರಿಸುವ ಪದ್ಧತಿಯೂ ಇದೆ. ಆ ಬೊಂಬೆಯ ಹಿಂದೆ ಯಾರಾದರೂ ನಡೆದರೆ ಕೇಳುವವರು ತಿರುಗಿ ನೋಡುತ್ತಾರೆ. ಒಂದೇ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಈ ಕಲೆ ಪಳಗಿದ್ದು ಅಮೆರಿಕ ಮತ್ತು ಬ್ರಿಟನ್ನಿನ ರೇಡಿಯೊದಲ್ಲಿ. 1934ರಲ್ಲಿ ಷಿಕಾಗೊದಲ್ಲಿ ವಿಲಿಸ್ ಕೂಪರ್ ಆರಂಭಿಸಿದ, 1936ರಲ್ಲಿ ಆರ್ಚ್ ಒಬೊಲರ್ ಕೈಗೆತ್ತಿಕೊಂಡ ‘ಲೈಟ್ಸ್ ಔಟ್’ ಎಂಬ ಕಾರ್ಯಕ್ರಮ ಮೊದಮೊದಲು ಬರುತ್ತಿದ್ದುದು ನಡುರಾತ್ರಿಗೆ. ಅದರ ಸದ್ದುಗಳು ತಯಾರಾಗುತ್ತಿದ್ದುದು ತರಕಾರಿ ಬುಟ್ಟಿಯಿಂದ. ತಲೆ ಕಡಿಯುವುದಕ್ಕೆ ಎಲೆಕೋಸು, ಎಲುಬು ಮುರಿಯುವುದಕ್ಕೆ ಸೆಲರಿ ಕಡ್ಡಿ. ಮನುಷ್ಯನೊಬ್ಬ ಒಳಹೊರಗಾಗುವ ಪ್ರಸಂಗಕ್ಕೆ ಒದ್ದೆ ರಬ್ಬರ್ ಕೈಗವಸನ್ನು ತಿರುವಿಹಾಕುತ್ತಾ ಹಣ್ಣಿನ ಬುಟ್ಟಿಯೊಂದನ್ನು ಹಿಂಡಿದರೆಂದು ಹೇಳುತ್ತಾರೆ. ಎಲೆಕೋಸನ್ನು ನೋಡುತ್ತಾ ಕೇಳಿದರೆ ಅದು ಎಲೆಕೋಸೇ. ನೋಡದೆ, ಒಂದು ಮಾತಿನ ಸುಳಿವಿನ ನಂತರ ಕೇಳಿದರೆ ಚಿತ್ರ ಬಿಡಿಸುವ ಕೆಲಸ ಕೇಳುಗರದಾಗುತ್ತದೆ, ಪ್ರತಿಯೊಬ್ಬರೂ ತಮಗೆ ಅತಿ ಅಸಹ್ಯವಾದುದನ್ನೇ ಬಿಡಿಸಿಕೊಳ್ಳುತ್ತಾರೆ.

1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ತಂಡ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ, ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವುದನ್ನು ಸುದ್ದಿ ಪ್ರಸಾರದ ರೂಪದಲ್ಲಿ ಹೇಳುವ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪ್ರಸಾರ ಮಾಡಿತು. ಅದು ಧಾರಾವಾಹಿಯಾಗಿರಲಿಲ್ಲ, ಒಂದು ಗಂಟೆಯ ನಾಟಕ. ಆದರೂ ಇಂದಿನ ಧ್ವನಿ ಧಾರಾವಾಹಿಗಳ ಬೇರು ಅಲ್ಲಿಯೇ ಇದೆ. ದೇಶವಿಡೀ ಹುಚ್ಚೆದ್ದು ಬೀದಿಗೆ ಓಡಿತೆಂಬುದು ಮಾರನೆಯ ದಿನದ ಪತ್ರಿಕೆಗಳು ಹಿಗ್ಗಿಸಿದ ಕಥೆ, ಅದನ್ನು ಬದಿಗಿಡೋಣ. ನನಗೆ ಮುಖ್ಯವೆನಿಸುವುದು ಅದರ ಒಂದು ಸಣ್ಣ ಜಾಗ. ನ್ಯೂ ಜೆರ್ಸಿಯ ಗ್ರೋವರ್ಸ್ ಮಿಲ್ ಎಂಬಲ್ಲಿ ಆಕಾಶದಿಂದ ಬಿದ್ದ ಲೋಹದ ಕೊಳವೆಯ ಪಕ್ಕ ನಿಂತು ವರದಿಗಾರ ವಿವರಿಸುತ್ತಿದ್ದಾನೆ. ಈ ಪಾತ್ರ ಮಾಡಿದ ಫ್ರಾಂಕ್ ರೀಡಿಕ್, ಅದರ ಹಿಂದಿನ ವರ್ಷ ಹಿಂಡೆನ್‌ಬರ್ಗ್ ಆಕಾಶನೌಕೆ ಹೊತ್ತಿ ಉರಿದಾಗ ವರದಿಗಾರ ಹರ್ಬರ್ಟ್ ಮಾರಿಸನ್ ಗದ್ಗದಿಸಿ ಮಾಡಿದ ಧ್ವನಿಮುದ್ರಣವನ್ನು ಕೇಳಿಸಿಕೊಂಡು ಅಭ್ಯಾಸ ಮಾಡಿದ್ದರು. ಬೆಂಕಿ ಹರಡುತ್ತಿದೆ, ಇತ್ತ ಬರುತ್ತಿದೆ, ನನ್ನ ಬಲಕ್ಕೆ ಇಷ್ಟು ದೂರದಲ್ಲಿದೆ ಎನ್ನುತ್ತಿರುವಾಗಲೇ ಮೈಕು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಸಂಗೀತವಿಲ್ಲ, ಕಿರುಚಾಟವಿಲ್ಲ. ರೇಡಿಯೊದಲ್ಲಿ ಖಾಲಿ ಗಾಳಿ ಎಂದರೆ ಯಂತ್ರ ಕೆಟ್ಟಿದೆ ಎಂದೇ ಅರ್ಥ, ನಿರ್ಮಾಪಕರು ಅದಕ್ಕೆ ಹೆದರಿ ಸಾಯುತ್ತಾರೆ. ವೆಲ್ಸ್ ಆ ಖಾಲಿಯನ್ನು ಹಲವು ಸೆಕೆಂಡ್ ಹಾಗೇ ಬಿಟ್ಟರು. ನಂತರ ಸ್ಟುಡಿಯೊದ ಉದ್ಘೋಷಕ, ಕಾರಣಾಂತರಗಳಿಂದ ಪ್ರಸಾರ ಮುಂದುವರಿಸಲಾಗುತ್ತಿಲ್ಲವೆಂದು ಸಭ್ಯವಾಗಿ ತಿಳಿಸುತ್ತಾನೆ.

ಈ ಪ್ರಸಂಗದಿಂದ ಹುಟ್ಟಿದ ಪ್ರಶ್ನೆಯೊಂದು ಇಂದಿನವರೆಗೂ ಈ ಪ್ರಕಾರವನ್ನು ಸಾಕುತ್ತಿದೆ: ಇಲ್ಲಿ ಮೈಕ್ ಹಿಡಿದವರು ಯಾರು, ಏಕೆ ಹಿಡಿದಿದ್ದಾರೆ? ಮುದ್ರಿತ ಕಾದಂಬರಿಯಲ್ಲಿ ನಿರೂಪಕ ಯಾವ ಕಾಗದದ ಮೇಲೆ ಬರೆಯುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಧ್ವನಿ ಮಾತ್ರ ಎಲ್ಲಿಂದಲಾದರೂ ಬರಲೇಬೇಕು. ಆದ್ದರಿಂದಲೇ ಈ ಕಥೆಗಳು ರೇಡಿಯೊ ಸುದ್ದಿ, ಪೊಲೀಸ್ ಹೇಳಿಕೆ, ಬಾಹ್ಯಾಕಾಶ ನೌಕೆಯ ದಿನಚರಿ, ದೂರವಾಣಿಯ ಧ್ವನಿಸಂದೇಶಗಳ ವೇಷದಲ್ಲಿ ಬರುತ್ತವೆ. 2016ರಿಂದ 2021ರವರೆಗೆ 200 ಕಂತುಗಳಲ್ಲಿ ಬಂದ ‘ದಿ ಮ್ಯಾಗ್ನಸ್ ಆರ್ಕೈವ್ಸ್’ ಎಂಬ ಬ್ರಿಟಿಷ್ ಧಾರಾವಾಹಿ ಇದಕ್ಕೆ ಒಳ್ಳೆಯ ಉದಾಹರಣೆ. ಬರೆದವರು ಮತ್ತು ಮುಖ್ಯ ಪಾತ್ರಕ್ಕೆ ದನಿ ಕೊಟ್ಟವರು ಜೊನಾಥನ್ ಸಿಮ್ಸ್. ವಿಚಿತ್ರ ಘಟನೆಗಳ ದಾಖಲೆ ಇಡುವ ಸಂಸ್ಥೆಯೊಂದರ ದಫ್ತರಖಾನೆಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬ, ಹಳೆಯ ಹೇಳಿಕೆಗಳನ್ನು ಟೇಪ್ ರೆಕಾರ್ಡರಿಗೆ ಓದಿ ಹೇಳುತ್ತಾನೆ. ಮೊದಲ ಹತ್ತಾರು ಕಂತುಗಳು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿಕಥೆಗಳಂತೆ ಕೇಳಿಸುತ್ತವೆ. ನಾಲ್ಕನೆಯ ಕಂತಿನಲ್ಲಿ ಒಂದು ಪುಸ್ತಕದ ಒಳರಟ್ಟಿನ ಮೇಲೆ ಯುರ್ಗನ್ ಲೈಟ್ನರ್ ಎಂಬ ಹೆಸರಿರುತ್ತದೆ. ಎಷ್ಟೋ ಕಂತುಗಳ ನಂತರ, ಬೇರೆ ಯಾರದೋ ಹೇಳಿಕೆಯಲ್ಲಿ ಅದೇ ಹೆಸರು ಸುಮ್ಮನೆ ಹಾದುಹೋಗುತ್ತದೆ.  ಬಸ್ಸಿನಲ್ಲಿ ಕೂತು ಕೇಳುತ್ತಿದ್ದ ನಾನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಆಮೇಲೆ ಆ ಟೇಪ್ ರೆಕಾರ್ಡರನ್ನು ಚಾಲೂ ಮಾಡುತ್ತಿರುವವರು ಯಾರು ಎಂಬುದೇ ಕಥೆಯಾಗುತ್ತದೆ. ಮುಂದೆ ಕೇಳುವವರಿಗೆ ರಸಭಂಗವಾಗಬಾರದೆಂದು ಇಲ್ಲಿಗೆ ನಿಲ್ಲಿಸುತ್ತೇನೆ.

ವಿಜ್ಞಾನ ಕಥೆಗೆ ಇನ್ನೊಂದು ತೊಡಕಿದೆ. ಅದರಲ್ಲಿ ಇಲ್ಲದ ಲೋಕಗಳ, ಇಲ್ಲದ ಯಂತ್ರಗಳ ಹೆಸರುಗಳು ತುಂಬಿರುತ್ತವೆ. ಪುಟದಲ್ಲಾದರೆ ಅಕ್ಷರ ನೋಡಿ ನೆನಪಿಟ್ಟುಕೊಳ್ಳಬಹುದು, ಎರಡು ಪುಟ ಹಿಂದಕ್ಕೆ ತಿರುವಬಹುದು. ಕಿವಿಗೆ ಆ ಅನುಕೂಲವಿಲ್ಲ. ಇದನ್ನು ಚೆನ್ನಾಗಿ ನಿಭಾಯಿಸಿದವರು ಬಿಬಿಸಿಯ ಚಾರ್ಲ್ಸ್ ಚಿಲ್ಟನ್. 1953ರಲ್ಲಿ ಅವರು ಶುರುಮಾಡಿದ ‘ಜರ್ನಿ ಇನ್‌ಟು ಸ್ಪೇಸ್’ ಧಾರಾವಾಹಿಯನ್ನು, ಬ್ರಿಟನ್ನಿನಲ್ಲಿ ಸಂಜೆಯ ಹೊತ್ತು ಟಿವಿಗಿಂತ ಹೆಚ್ಚು ಜನರನ್ನು ಸೆಳೆದ ಕೊನೆಯ ರೇಡಿಯೊ ಕಾರ್ಯಕ್ರಮವೆಂದು ನೆನೆಯುತ್ತಾರೆ. ನೌಕೆಯಲ್ಲಿ ನಾಲ್ವರು: ನಾಯಕ ಜೆಟ್, ಎಂಜಿನಿಯರ್ ಮಿಚ್, ವೈದ್ಯ ಡಾಕ್, ರೇಡಿಯೊ ನಿರ್ವಾಹಕ ಲೆಮ್ಮಿ. ಲೆಮ್ಮಿ ಲಂಡನ್ನಿನ ಸಾಮಾನ್ಯ ಮನೆಯ ಹುಡುಗನಂತೆ ಮಾತಾಡುತ್ತಾನೆ, ಹೆದರುತ್ತಾನೆ, ಅದೇನು ಇದೇನು ಎಂದು ಕೇಳುತ್ತಾನೆ. ಕೇಳುಗರ ಮನಸ್ಸಿನಲ್ಲಿ ಪ್ರಶ್ನೆ ಏಳುವ ಹೊತ್ತಿಗೆ ಸರಿಯಾಗಿ ಅವನ ಬಾಯಲ್ಲಿ ಅದು ಬರುತ್ತದೆ. ಯಕ್ಷಗಾನದ ಹಾಸ್ಯಗಾರನನ್ನು ಬಲ್ಲವರಿಗೆ ಈ ಪಾತ್ರದ ಪರಿಚಯ ಹೇಳಬೇಕಾಗಿಲ್ಲ.

1954ರ ಎರಡನೆಯ ಸರಣಿಯಲ್ಲಿ ಮಂಗಳಯಾನದ ತಂಡದಲ್ಲಿ ವಿಟೇಕರ್ ಎಂಬವನಿದ್ದಾನೆ. ಅವನ ದನಿಯಲ್ಲಿ ಏರಿಳಿತವೇ ಇಲ್ಲ. ಆಜ್ಞೆಯನ್ನು ಪ್ರಶ್ನಿಸದೆ ಪಾಲಿಸಬೇಕು ಎಂಬುದನ್ನು ಅವನು ಅನ್ನ ಸಾಕು ಎನ್ನುವಷ್ಟೇ ಚಪ್ಪಟೆಯಾಗಿ ಹೇಳುತ್ತಾನೆ. ಒಂದು ವಿಶೇಷ ಸದ್ದನ್ನೂ ಬಳಸದೆ, ಬರೀ ರಾಗ ತೆಗೆದುಹಾಕಿದ ಮಾತಿನಿಂದ ಹುಟ್ಟಿಸಿದ ಹೆದರಿಕೆ ಅದು. ಭಾಷೆ ಯಾವುದೇ ಇರಲಿ, ಮಾತಿನ ಏರಿಳಿತದಿಂದಲೇ ಎದುರಿನವರು ಬದುಕಿದ್ದಾರೆ ಎಂದು ನಾವು ಒಳಗೊಳಗೇ ಖಾತ್ರಿಪಡಿಸಿಕೊಳ್ಳುತ್ತಿರುತ್ತೇವೆ.

ಇನ್ನು ಕಂತುಗಳ ವಿಷಯ. ಬರೀ ಮಾತಿನಿಂದ ಲೋಕ ಕಟ್ಟುವುದನ್ನೂ, ದಿನಕ್ಕಿಷ್ಟು ಎಂದು ಕೇಳುವುದನ್ನೂ ಕನ್ನಡಿಗರು ಯಾರಿಂದಲೂ ಕಲಿಯಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಕುಳಿತಲ್ಲೇ ಕುಳಿತ ಅರ್ಥಧಾರಿಗಳ ಮಾತು ಇಷ್ಟರಲ್ಲೇ ಕುರುಕ್ಷೇತ್ರ ಎದ್ದುನಿಲ್ಲುತ್ತದೆ. ಗಮಕ ವಾಚನದಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಹಾಡಿ, ವ್ಯಾಖ್ಯಾನಕಾರರು ಅರ್ಥ ಬಿಡಿಸಿ, ಸಂಜೆಯಿಂದ ಸಂಜೆಗೆ ಕಥೆ ಮುಂದೆ ಸಾಗುತ್ತದೆ. ವಾರಪತ್ರಿಕೆಗಳ ಕಾದಂಬರಿಯ ಕೊನೆಗೆ ಆವರಣದಲ್ಲಿ ‘ಸಶೇಷ’ ಎಂದು ಇರುತ್ತಿತ್ತಲ್ಲ, ಆ ಪದ ನನಗೆ ಬಹಳ ಇಷ್ಟ. ಕಥೆ ನಿಂತಿಲ್ಲ, ಇನ್ನೂ ಶೇಷವಿದೆ ಎನ್ನುತ್ತದೆ. ಭಯಾನಕ ಕಥೆಯಲ್ಲಿ ಈ ಶೇಷ ವಾರವಿಡೀ ಕೇಳುಗರ ಮನೆಯಲ್ಲಿ ಉಳಿಯುತ್ತದೆ. ಮುಚ್ಚಿದ ಬಾಗಿಲ ಹಿಂದೆ ಏನಿತ್ತೆಂದು ಕಥೆಗಾರ ಹೇಳುವುದು ಒಂದೇ ಉತ್ತರ. ಆರು ದಿನ ಕಾಯುವಾಗ ನಾವು ಹತ್ತಾರು ಉತ್ತರಗಳನ್ನು ಕಟ್ಟಿಕೊಳ್ಳುತ್ತೇವೆ.

ಕಂತು ಎಷ್ಟು ಉದ್ದವಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹಣದ ವ್ಯವಸ್ಥೆಯೂ ನಿರ್ಧರಿಸುತ್ತದೆ. ರೇಡಿಯೊ ಧಾರಾವಾಹಿ ನಿಗದಿಯಾದ ಹೊತ್ತಿನ ಚೌಕಟ್ಟಿಗೆ ಹೊಂದಬೇಕಿತ್ತು. 2005ರಲ್ಲಿ ಅಮೆರಿಕದ ಸ್ಕಾಟ್ ಸಿಗ್ಲರ್ ತಮ್ಮ ಕಾದಂಬರಿಯನ್ನು ತಾವೇ ಓದಿ, ಕಂತುಕಂತಾಗಿ ಪಾಡ್‌ಕಾಸ್ಟ್‌ನಲ್ಲಿ ಉಚಿತವಾಗಿ ಕೊಡಲು ಆರಂಭಿಸಿದರು. ಹೀಗೆ ಗಳಿಸಿದ ಕೇಳುಗರ ಬಲದಿಂದ ದೊಡ್ಡ ಪ್ರಕಾಶಕರು ಅವರ ಪುಸ್ತಕ ಮುದ್ರಿಸಿದರು. ಅಲ್ಲಿ ಕಂತಿನ ಅಳತೆಗೆ ಕಟ್ಟುಪಾಡಿರಲಿಲ್ಲ. ಈಗ ಕನ್ನಡದಲ್ಲೂ ಧಾರಾವಾಹಿ ಕೊಡುವ ಆ್ಯಪ್‌ಗಳಲ್ಲಿ ಕೆಲವು, ಹತ್ತು ಹದಿನೈದು ನಿಮಿಷದ ಒಂದೊಂದು ಕಂತನ್ನೂ ಆ್ಯಪ್‌ನೊಳಗಿನ ‘ನಾಣ್ಯ’ ಕೊಟ್ಟು ತೆರೆಯುವಂತೆ ಮಾಡಿವೆ. ಆಗ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಬಾಗಿಲು ಬಡಿಯಲೇಬೇಕು. ಪತ್ತೇದಾರಿ ಕಥೆಗೆ, ಸೇಡಿನ ಕಥೆಗೆ ಇದು ಒಗ್ಗುತ್ತದೆ. ಭಯ ಹಾಗಲ್ಲ. ಅದು ಹಾಲು ಹೆಪ್ಪುಗಟ್ಟುವಂತೆ ಅಲುಗಾಡಿಸದೆ ಬಿಟ್ಟರೆ ಮಾತ್ರ ಗಟ್ಟಿಯಾಗುವಂಥದ್ದು. ನೂರಾರು ಕಂತುಗಳ ಭಯಾನಕ ಧಾರಾವಾಹಿಗಳು ಐವತ್ತನೆಯ ಕಂತಿನ ಹೊತ್ತಿಗೆ ಮಾಟಮಂತ್ರದ ಕೌಟುಂಬಿಕ ಕಥೆಗಳಾಗಿ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬರೆಯುವವರ ಪ್ರತಿಭೆ ಕಡಿಮೆಯೆಂದು ನಾನು ಹೇಳಲಾರೆ, ಅವರಿಗೆ ಕೊಟ್ಟಿರುವ ಅಚ್ಚು ಭಯಕ್ಕೆ ಚಿಕ್ಕದು.

ಮತ್ತೆ ಮೌನಕ್ಕೆ ಬರುತ್ತೇನೆ. ಸ್ಟುಡಿಯೊದಲ್ಲಿ ಎರಡು ಬಗೆಯ ಮೌನಗಳಿವೆ. ಕಂಪ್ಯೂಟರಿನಲ್ಲಿ ಧ್ವನಿಯ ತುಂಡನ್ನು ಅಳಿಸಿದಾಗ ಉಳಿಯುವುದು ಸೊನ್ನೆ, ಅಲ್ಲಿ ನಿಜಕ್ಕೂ ಏನೂ ಇಲ್ಲ. ಇನ್ನೊಂದು ಕೋಣೆಯ ಮೌನ: ಯಾರೂ ಮಾತಾಡದಿರುವಾಗ ಆ ಕೋಣೆಯಲ್ಲಿ ಇರುವ ಗಾಳಿ, ಗೋಡೆ, ಬಟ್ಟೆಗಳ ಅತಿ ಸಣ್ಣ ಸದ್ದು. ಓದುವವರು ಕೆಲಸ ಶುರುಮಾಡುವ ಮುನ್ನ ಸ್ವಲ್ಪ ಹೊತ್ತು ಕದಲದೆ ಕುಳಿತು ಇದನ್ನೂ ಧ್ವನಿಮುದ್ರಿಸುತ್ತಾರೆ, ಮಾತಿನ ನಡುವಿನ ಜಾಗಗಳಿಗೆ ಅದನ್ನೇ ತುಂಬುತ್ತಾರೆ. ಸೊನ್ನೆ ಬಂದರೆ ಮೊಬೈಲ್ ನಿಂತಿತೇನೋ ಎಂದು ನಾವು ಕಥೆಯಿಂದ ಹೊರಬರುತ್ತೇವೆ. ಕೋಣೆಯ ಮೌನವಿದ್ದರೆ ಆ ಪಾಳುಮನೆಯೊಳಗೇ ಇರುತ್ತೇವೆ, ಕಿವಿ ಇನ್ನಷ್ಟು ಚೂಪಾಗಿ ಹುಡುಕತೊಡಗುತ್ತದೆ. ಮೌನ ಕತ್ತರಿಸುವ ಸೌಲಭ್ಯಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಒಂದು ಮಟ್ಟಕ್ಕಿಂತ ಕಡಿಮೆ ಸದ್ದಿರುವ ಜಾಗವನ್ನೆಲ್ಲ ಅದು ಖಾಲಿಯೆಂದೇ ತಿಳಿಯುತ್ತದೆ. ಪಿಸುಮಾತನ್ನೂ ಕೂಗನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯವೂ ಹೀಗೆಯೇ. ಗದ್ದಲದ ರಸ್ತೆಯಲ್ಲಿ ಅದು ಉಪಕಾರಿ, ಆದರೆ ಇಂಥ ಕಥೆಯನ್ನು ಗದ್ದಲದ ರಸ್ತೆಯಲ್ಲಿ ಕೇಳುವುದೇ ತಪ್ಪು. ವಾಹನ ಓಡಿಸುವಾಗಲಂತೂ ಬೇಡವೇ ಬೇಡ, ಬೆಚ್ಚುವ ಕೈ ಸ್ಟಿಯರಿಂಗ್ ಮೇಲಿರುತ್ತದೆ.

ಹೊಸದಾಗಿ ಕೇಳಲು ಹೊರಟವರಿಗೆ ನನ್ನ ಸಲಹೆ, 1938ರ ಆ ಒಂದು ಗಂಟೆಯ ಪ್ರಸಾರದಿಂದಲೇ ಶುರುಮಾಡಿ. ಅದರ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ರಾತ್ರಿ ಊಟವಾದ ಮೇಲೆ, ದೀಪ ಆರಿಸಿ, ಆ್ಯಪ್‌ನಲ್ಲಿ ಕೇಳುವ ವೇಗವನ್ನು ಹೆಚ್ಚಿಸಿಟ್ಟಿದ್ದರೆ ಮಾಮೂಲಿಗೆ ತಂದು, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಇಪ್ಪತ್ತು ನಿಮಿಷದೊಳಗೆ ಗ್ರೋವರ್ಸ್ ಮಿಲ್ಲಿನ ಆ ಜಾಗ ಬರುತ್ತದೆ. ಮೈಕು ಬಿದ್ದು ಎಲ್ಲ ಸುಮ್ಮನಾದಾಗ, ಏನಾಯಿತೆಂದು ನೋಡಲು ಮೊಬೈಲಿಗೆ ಕೈ ಹಾಕಬೇಡಿ.